ಅಂಗಳದ ಕ್ಯಾಮೆರಾ

ಸೂಲೂರು
ಗುರುವಾರ

ಹರಿಯಣ್ಣನಿಗೆ,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಂಡನನ್ನು ಬಿಟ್ಟು ನಾನು ಅವ್ವನ ಮನೆಗೆ ಬಂದ ವಾರವೇ, ಕಳ್ಳರ ಭಯವೆಂದು ನೀನು ಅಂಗಳದಲ್ಲಿ ಸೋಲಾರ್ ಕ್ಯಾಮೆರಾ ಹಾಕಿಸಿದೆ. ನನ್ನ ಮಗ್ಗಕ್ಕೆ ನೂಲು ಕೊಡಲು ಮಾರಿಮುತ್ತು ಬಂದರೂ ಆರ್.ಎಸ್. ಪುರಂನ ಮನೆಯಿಂದ ನಿನ್ನ ಫೋನು ಬರುತ್ತಿತ್ತು: "ಯಾರು ಅದು? ಎಷ್ಟೊತ್ತು ನಿಂತಿರ್ತಾನೆ?"

ಸೋಮವಾರ ಅವ್ವ ಅಂಗಳದಲ್ಲಿ ಜಾರಿಬಿದ್ದಳು. ಮಗ್ಗದ ಸದ್ದಿನಲ್ಲಿ ಅವಳು ಕೂಗಿದ್ದು ನನಗೆ ಕೇಳಿಸಲಿಲ್ಲ. ನಾನು ಊಟಕ್ಕೆ ಏಳುವವರೆಗೂ ಬಿಸಿಲಿನಲ್ಲಿ ಕುಳಿತು ಕ್ಯಾಮೆರಾದ ಕಡೆಗೇ ಕೈ ಬೀಸುತ್ತಿದ್ದಳಂತೆ. ಆಸ್ಪತ್ರೆಯಿಂದ ಫೋನು ಮಾಡಿದಾಗ ನೀನೇ ಹೇಳಿದೆ: "ಕ್ಯಾಮೆರಾದಲ್ಲಿ ನೋಡ್ದೆ ನಿತ್ಯಾ. ಅವ್ವ ತಾನೇ ಕೂತವ್ಳೆ, ಬೇರೆ ಆಳು ಯಾರೂ ಇಲ್ಲ ಅಂತ ಫೋನ್ ಒಳಗಿಟ್ಟೆ."

ಕಾಲಿಗೆ ಕಟ್ಟು ಹಾಕಿಸಿ ಮನೆಗೆ ಕರೆತಂದೆ. ನೀನು ಬರಲಿಲ್ಲ. ನಿನ್ನೆ ಏಣಿಯಿಟ್ಟು ಕ್ಯಾಮೆರಾ ಬಿಚ್ಚಲು ಹೋದರೆ ಅವ್ವ ತಡೆದಳು. "ಇರ್ಲಿ ಬಿಡು ಮಗಾ. ಅದ್ರಲ್ಲಾದ್ರೂ ಅವ್ನು ನನ್ನ ನೋಡ್ತಾನೆ."

ಅವಳ ಮಂಚವನ್ನು ಜಗಲಿಗೆ ತಂದು ಹಾಕಿದ್ದೇನೆ. ಬೆಳಿಗ್ಗೆ ತಲೆ ಬಾಚಿಕೊಂಡು ಕ್ಯಾಮೆರಾದತ್ತ ತಿರುಗಿ ಕೂರುತ್ತಾಳೆ. ಫೋನು ತೆರೆದಾಗ ನನ್ನನ್ನು ಹುಡುಕಬೇಡ. ಅವಳನ್ನು ನೋಡು.

ನಿನ್ನ ತಂಗಿ,
ನಿತ್ಯಾ