ಇಂಜಿನ್ನಿಗೆ ಹೊಡೆದ ನೀರು

ಸೆಪ್ಟೆಂಬರ್ 30, ಮಂಗಳವಾರ

ಆರೂವರೆಗೆ ಕೆಂಪಾಪುರ ಬಿಟ್ವಿ. ಮಂಗಳವಾರ, ಗುರುವಾರ, ಶನಿವಾರ ಅವ್ವನ ಡಯಾಲಿಸಿಸ್. ಹೆಬ್ಬಾಳ ಫ್ಲೈಓವರ್ ಹತ್ತಿ ಇಳಿದು ಗೊರಗುಂಟೆಪಾಳ್ಯದ ಸೆಂಟರ್. ತೂಕ ನೋಡಿ ನರ್ಸ್ ಮುಖ ಗಂಟು ಹಾಕಿದ್ಳು.

"ಮೂರೂವರೆ ಕೆಜಿ ಜಾಸ್ತಿ! ನೀರು ಕುಡಿದ್ರಾ ಅಮ್ಮಾ?"

"ಇಲ್ಲವಾ. ನಾ ಎಲ್ಲಿ ಕುಡೀಲಿ."

ಸುಳ್ಳು. ದಿನಕ್ಕೆ ಮೂರೇ ಲೋಟ ಅಂತ ಡಾಕ್ಟ್ರು ಹೇಳಿದಾರೆ. ಜಾಸ್ತಿ ಆದ್ರೆ ನೀರು ಎದೆಗೆ ತುಂಬಿ ಉಸಿರು ಕಟ್ಟುತ್ತೆ. ಗೊತ್ತಿದ್ದೂ ಕದ್ದು ಕುಡೀತಾಳೆ. ಬರುವಾಗ ಕಾರಲ್ಲಿ ಬೈದೆ. "ತೂಕದ ಮಷಿನ್ ಮೇಲೆ ನಿಂತ್ಕೊಂಡು ಸುಳ್ಳು ಹೇಳ್ತೀಯಲ್ಲ, ನಾಚಿಕೆ ಆಗಲ್ವಾ?" ಕಿಟಕಿ ಕಡೆ ತಿರುಗಿದ್ಳು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಅಣ್ಣ ಸಂಗಮೇಶ ಫ್ಯಾಕ್ಟರಿಗೆ ಹೊರಡುವಾಗ ಭಾಷಣ. "ಬಟ್ಟೀಲೆ ಒರಸು. ಇಂಜಿನ್ನಿಗೆ ನೀರು ಹೊಡೀಬ್ಯಾಡ. ಒಂಬತ್ತನೇ ಕ್ಲಾಸಿಗೇ ಸಾಲಿ ಬಿಟ್ಟಾಂವಗ ಎಲ್ಲಾ ಎರಡೆರಡು ಸಲ ಹೇಳಬೇಕು ನೋಡ."

ಅವನ ಕಾರು, ಅವನ ದರ್ಬಾರು. ಓಡ್ಸೋದು ಮಾತ್ರ ನಾನು.

ಪಕ್ಕದ ಮನೆ ಮುನಿಯಣ್ಣನ ಪ್ರೆಷರ್ ಪೈಪ್ ತಂದೆ. ಬಾನೆಟ್ ಎತ್ತಿ ಹೊಡೆದೆ. ಇನ್ನೂ ಹತ್ತಿರ ಹಿಡಿದು ಹೊಡೆದೆ. ಫಳಫಳ. ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು. ಅಣ್ಣ ಬಂದು ನೋಡಿದ. "ಚಲೋ ಒರಸೀಯಲ್ಲಲೇ!"

ಹೂಂ ಅಂದೆ.

ಅಕ್ಟೋಬರ್ 2, ಗುರುವಾರ, ಸಂಜೆ

ಡಯಾಲಿಸಿಸ್ ಮುಗಿಸಿ ಬರುವಾಗ ಫ್ಲೈಓವರ್ ಏರಲ್ಲಿ ಕಾರು ನಡುಗಿತು. ಚಳಿಜ್ವರ ಬಂದ ಹಾಗೆ. ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್ — ಬ್ಲಿಂಕ್, ಬ್ಲಿಂಕ್. ಇಳಿಜಾರಲ್ಲಿ ನಡುಕ ನಿಂತಿತು, ಲೈಟ್ ಮಾತ್ರ ಉರೀತಾನೇ ಇತ್ತು. ಅವ್ವನ್ನ ಮನೆಗೆ ಬಿಟ್ಟು ಮುರುಗೇಶ್ ಗ್ಯಾರೇಜ್‌ಗೆ ಹೋದೆ. ರಜಾ ಅಂತ ಅಣ್ಣನೂ ಜೊತೆಗೆ ಬಂದ.

"ಲೈಟ್ ಸುಮ್ನೆ ಉರೀತಿದ್ರೆ ನಿಧಾನಕ್ಕೆ ಬಾ ಮಚ್ಚಾ," ಅಂದ ಮುರುಗೇಶ್. "ಬ್ಲಿಂಕ್ ಆದ್ರೆ ಸೈಡಿಗೆ ಹಾಕಿ ಆಫ್ ಮಾಡ್ಬಿಡು. ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರೀತಿಲ್ಲ ಅಂತ ಅರ್ಥ. ಅದು ಹಂಗೇ ಸೈಲೆನ್ಸರ್‌ಗೆ ಹೋಗಿ ಅಲ್ಲಿ ಉರಿಯುತ್ತೆ."

ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದ. "ಮೂರನೇ ಸಿಲಿಂಡರ್. ಹಬ್ಬಕ್ಕೆ ಇಂಜಿನ್ ತೊಳೆದ್ಯಾ?"

ಅಣ್ಣ ಪಕ್ಕದಲ್ಲೇ.

"ಇಲ್ಲ."

"ನಿಜ ಹೇಳು ಗುರು. ತೊಳೆದು ಬಂದವ್ರಲ್ಲಿ ಇವತ್ತು ನೀನು ನಾಲ್ಕನೆಯವ್ನು."

"ಇಲ್ಲ ಅಂದ್ನಲ್ಲ! ಕಿವಿ ಕೇಳಲ್ವಾ?"

"ಹಂಗಾದ್ರೆ ಪೆಟ್ರೋಲೇ ಸರಿ ಇಲ್ಲ." ಟ್ಯಾಂಕಿಗೆ ಯಾವುದೋ ಬಾಟ್ಲಿ ಸುರಿದ. ಸ್ಕ್ಯಾನರ್‌ನಲ್ಲಿ ಏನೋ ಒತ್ತಿದ. ಲೈಟ್ ಹೋಯ್ತು.

ಹೋಯ್ತಲ್ಲ. ಸಾಕು.

ಅಕ್ಟೋಬರ್ 4, ಶನಿವಾರ

ಲೈಟ್ ಬರಲಿಲ್ಲ. ಆದ್ರೂ ಕಣ್ಣು ರಸ್ತೆ ಮೇಲಿಲ್ಲ, ಮೀಟರ್ ಮೇಲೆ. ಬಸ್ಸಿಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತು. ಮುರುಗೇಶ್‌ಗೆ ಫೋನ್ ಮಾಡಿ ಹೇಳ್ಬಿಡ್ಲಾ? ಅವನು ಅಣ್ಣನಿಗೆ ಹೇಳ್ತಾನೆ. ಅಣ್ಣ ಮತ್ತೆ ಸಾಲಿ ಪುರಾಣ ತೆಗೀತಾನೆ. ಬೇಡ.

ಅಕ್ಟೋಬರ್ 7, ಮಂಗಳವಾರ, ಮಧ್ಯಾಹ್ನ

ಡಯಾಲಿಸಿಸ್ ಸೆಂಟರ್ ಮೆಟ್ಟಿಲ ಮೇಲೆ ಕೂತು ಬರೀತಿದೀನಿ.

ಬೆಳಗ್ಗೆ ಎದ್ದಾಗ್ಲೇ ಅವ್ವನಿಗೆ ಏದುಸಿರು. ಮಲಗೋಕೂ ಆಗ್ತಿಲ್ಲ. ಅಣ್ಣ ಫಸ್ಟ್ ಶಿಫ್ಟ್‌ಗೆ ಹೋಗಿದ್ದ. ಕಾರಲ್ಲಿ ಕೂರಿಸ್ಕೊಂಡು ಹೊರಟೆ. ಏರು ಅರ್ಧ ಹತ್ತಿದ್ವಿ — ಬ್ಲಿಂಕ್.

ಕಾರು ಜಗ್ಗಿತು. ಆಕ್ಸಿಲರೇಟರ್ ಒತ್ತಿದ್ರೆ ಎಳೀತಿಲ್ಲ. ಹಿಂದೆ ಲಾರಿ ಹಾರ್ನ್. ಬ್ಲಿಂಕ್ ಆದ್ರೆ ನಿಲ್ಲಿಸು ಅಂದಿದ್ದ ಮುರುಗೇಶ್. ನಿಲ್ಲಿಸಿದ್ರೆ ಅವ್ವ ಇಲ್ಲೇ... ಹೋದ್ರೆ ಮಧ್ಯದಲ್ಲಿ ಕಾರು ಸತ್ತರೆ? ಆಂಬುಲೆನ್ಸ್ ಈ ಟ್ರಾಫಿಕ್‌ನಲ್ಲಿ ಯಾವಾಗ ಬರುತ್ತೆ? ನಾಲ್ಕೂ ಇಂಡಿಕೇಟರ್ ಹಾಕಿ ಫಸ್ಟ್ ಗೇರ್‌ನಲ್ಲಿ ತೆವಳಿಸ್ದೆ. ಸುಟ್ಟ ವಾಸನೆ. ಅವ್ವನ ಎದೇಲಿ ಸೀಟಿ ಹೊಡೆದ ಹಾಗೆ ಸದ್ದು.

"ಏನಿಲ್ಲ ಅವ್ವ. ಪೆಟ್ರೋಲ್ ಸರಿ ಇಲ್ಲ ಅಷ್ಟೇ."

"ಸಿದ್ಯಾ..." ಒಂದೊಂದು ಮಾತಿಗೂ ನಿಂತು ಉಸಿರು ಎಳ್ಕೊಂಡ್ಳು. "ನೀ ನೀರು ಹೊಡದಿದ್ದು... ನಾ ನೋಡೇನಿ."

ಕನ್ನಡೀಲಿ ಅವಳ ಮುಖ ನೋಡ್ದೆ.

"ನಾನೂ ನಿನ್ನಿ... ಒಂದು ತಂಬಿಗಿ... ಕುಡದೇನಿ. ತಡೀಲಿಲ್ಲಪಾ."

ಇಳಿಜಾರು ಬರೋವರೆಗೂ ಬಸವಣ್ಣಾ ಬಸವಣ್ಣಾ ಅಂತಿದ್ದೆ. ನಾನು! ಯಾವತ್ತೂ ದೇವರ ಮನೆಗೆ ಹೋಗದವನು.

ಸೆಂಟರ್ ಬಾಗಿಲಲ್ಲೇ ಆಕ್ಸಿಜನ್ ಹಾಕಿದ್ರು. ನರ್ಸ್ ಕೇಳೋ ಮೊದ್ಲೇ ಹೇಳ್ದೆ — ಒಂದು ತಂಬಿಗೆ ನೀರು ಕುಡಿದಿದ್ದಾಳೆ.

ನಾನು ಇಂಜಿನ್ನಿಗೆ ಹೊಡೆದ ನೀರಿನ ಲೆಕ್ಕ ಇನ್ನೂ ಯಾರಿಗೂ ಹೇಳಿಲ್ಲ.

ಅಕ್ಟೋಬರ್ 8, ಬುಧವಾರ

ನಿನ್ನೆ ರಾತ್ರಿ ಅವ್ವ ಉಸಿರು ಸರಿಯಾಗಿ ಮನೆಗೆ ಬಂದ್ಳು. ಇವತ್ತು ಹೇಳ್ದೆ. ಗ್ಯಾರೇಜಲ್ಲಿ, ಅಣ್ಣನ ಎದುರೇ. ಅಣ್ಣ ಕೈ ಎತ್ತಿದ. ಎತ್ತಿದ ಕೈ ಹಂಗೇ ಇಳೀತು. "ಅವ್ವಗ ಏನರ ಆಗಿದ್ರ?" ಅಷ್ಟೇ ಕೇಳಿದ. ಹೊಡೆದಿದ್ರೆ ಚೆನ್ನಾಗಿತ್ತು.

ಮುರುಗೇಶ್ ಪ್ಲಗ್‌ಗೆ ಕರೆಂಟ್ ಕೊಡೋ ಮೂರನೇ ಕಾಯಿಲ್ ಎಳೆದು ಟಾರ್ಚ್ ಬಿಟ್ಟ. ಪ್ಲಗ್ ಕೂರೋ ಗುಂಡಿ ತಳದಲ್ಲಿ ಕೆಂಪು ನೀರು. ಕುಂಕುಮ ಅಂದ್ಕೊಂಡೆ. ತುಕ್ಕು.

"ಏರಲ್ಲಿ ಲೋಡ್ ಬಿದ್ರೆ ಕಿಡಿ ಇಲ್ಲೇ ಹಾರಿಹೋಗುತ್ತೆ, ಒಳಗೆ ಹೋಗಲ್ಲ. ಅವತ್ತೇ ಹೇಳಿದ್ರೆ ಗಾಳಿ ಹೊಡೆದು ಒಣಗಿಸಿ ಕಳಿಸ್ತಿದ್ದೆ ಕಣೋ. ಹತ್ತು ನಿಮಿಷ."

ಹೊಸ ಪ್ಲಗ್, ಹೊಸ ಕಾಯಿಲ್. ಮುರುಗೇಶ್‌ನ ಕೂರಿಸ್ಕೊಂಡು ಮೂರು ಸಲ ಫ್ಲೈಓವರ್ ಹತ್ತಿಸ್ದೆ. ಲೈಟ್ ಬರಲಿಲ್ಲ.

"ಸರಿ ಹೋಯ್ತಾ?"

"ಇದು ಸರಿ ಹೋಯ್ತು. ಸೈಲೆನ್ಸರ್ ಒಳಗೆ ಹೊಗೆ ಸೋಸೋ ಜಾಲರಿ ಎಷ್ಟು ಸುಟ್ಟಿದೆಯೋ ಗೊತ್ತಿಲ್ಲ. ಗ್ಯಾರಂಟಿ ಕೊಡಲ್ಲ ನಾನು."

ಅಕ್ಟೋಬರ್ 9, ಗುರುವಾರ, ಬೆಳಗ್ಗೆ 6.20

ಕೀ ತಿರುಗಿಸಿ ನೋಡಿ ಬಂದೆ. ಲೈಟ್ ಬಂತು, ಸ್ಟಾರ್ಟ್ ಆದ ಮೇಲೆ ಹೋಯ್ತು. ಹಂಗೇ ಆಗ್ಬೇಕಂತೆ. ಆದ್ರೂ ನಾಲ್ಕು ಸಲ ನೋಡ್ದೆ.

ಅವ್ವ ಸೆರಗು ಹೊದ್ದು ಬಾಗಿಲಲ್ಲಿ ಕೂತಿದ್ದಾಳೆ. "ನೀರು ಎಷ್ಟು ಕುಡಿದೆ?" ಅಂದೆ. ಮೆತ್ತಗೆ ಕೇಳ್ದೆ.

"ನಾಕು ಲೋಟ. ಒಂದು ಜಾಸ್ತಿ ಆತು."

ಉಸಿರು ಎಣಿಸ್ತಾ ನಿಂತೆ. ಸೀಟಿ ಇಲ್ಲ. ಇದೆಯಾ? ಸ್ವಲ್ಪ ಇದೆ ಅನ್ಸುತ್ತೆ.

ಕರೀತಿದ್ದಾಳೆ. ಹೊರಡ್ಬೇಕು. ಆ ಏರು ಒಂದು ದಾಟಿದ್ರೆ —