ಒಡೆಸ್ಸಾಗೆ ಹೇಳದೆ ಬಿಟ್ಟ ಪಾಠ

ಮೆಂಫಿಸ್, ಮಂಗಳವಾರ
ಜೂನ್ 14, 1994

ಮಗನೇ ಲೆಮಾಂಟ್,

ಸೊಂಟ ನೋವು ಹೇಗಿದೆ? ನೀನು ಕೆಲಸ ಮಾಡುವ ಬೋಟಿನ ಅಡುಗೆಯವನು ಈಗಲಾದರೂ ಉಪ್ಪು ಕಡಿಮೆ ಹಾಕುತ್ತಾನೋ ಇಲ್ಲವೋ? ಬಿ.ಪಿ. ಮಾತ್ರೆ ತಪ್ಪಿಸಬೇಡ. ನನ್ನ ಮಂಡಿಯ ಸುದ್ದಿ ಬಿಡು, ಇದ್ದ ಹಾಗೇ ಇದೆ. ಫೋನಿನಲ್ಲಿ ನೀನು ಮಾತು ಹಾರಿಸುತ್ತೀಯೆ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಪೂರ್ತಿ ಓದು.

ಶನಿವಾರ ನಿನ್ನ ಮಗಳು ಒಡೆಸ್ಸಾ ಶಾಲೆಯ ಇಬ್ಬರು ಬಿಳಿ ಗೆಳತಿಯರ ಜೊತೆ ಪೇಟೆಯ ದೊಡ್ಡ ಅಂಗಡಿಗೆ ಹೋಗಿದ್ದಳು. ಮೂವರೂ ತುಟಿಗೆ ಬಣ್ಣ ಹಚ್ಚಿ ನೋಡಿ, ನಕ್ಕು, ಏನೂ ಕೊಳ್ಳದೆ ಹೊರಟಿದ್ದಾರೆ. ಬಾಗಿಲಲ್ಲಿ ಕಾವಲಿನವನು ಆ ಇಬ್ಬರನ್ನು ಬಿಟ್ಟು ನಮ್ಮ ಕಪ್ಪು ಹುಡುಗಿ ಇವಳೊಬ್ಬಳ ಚೀಲಕ್ಕೆ ಕೈ ಹಾಕಿದ. ನಂದು ಮಾತ್ರ ಯಾಕೆ ಎಂದು ಇವಳು ದನಿ ಏರಿಸಿ ಚೀಲ ಎಳೆದುಕೊಂಡಿದ್ದಾಳೆ. ಅಷ್ಟೇ ಸಾಕಾಯಿತು, ಪೊಲೀಸರು ಬಂದರು. ನಾನು ಹೋಗುವ ಹೊತ್ತಿಗೆ ಹದಿಮೂರು ವರ್ಷದ ಹುಡುಗಿಯ ಕೈಗೆ ಹಿಂದಿನಿಂದ ಬೇಡಿ ಹಾಕಿ, ಕಾರು ನಿಲ್ಲಿಸುವ ಜಾಗದಲ್ಲಿ ಬರೀ ನೆಲದ ಮೇಲೆ ಕೂರಿಸಿದ್ದರು. ಚೀಲದಲ್ಲಿ ಸಿಕ್ಕಿದ್ದು ಒಂದು ಕರವಸ್ತ್ರ, ಎರಡು ಬಸ್ ಟಿಕೆಟ್. ಒಬ್ಬನೂ ಕ್ಷಮಿಸಿ ಅನ್ನಲಿಲ್ಲ, ಕರಕೊಂಡು ಹೋಗಿ ಅಂದರು. ನಾನು ಥ್ಯಾಂಕ್ಯೂ ಸರ್ ಅಂದು ಬಂದೆ, ನನ್ನ ಬಾಯಿಗೆ ಬೆಂಕಿ ಹಾಕ.

ದಾರಿಯಲ್ಲಿ ಅವಳು ಅಳಲಿಲ್ಲ. 'ಟೆರಿಲ್‌ಗೆ ಎಲ್ಲಾ ಹೇಳಿಕೊಟ್ರಲ್ಲ, ನನ್ನ ಮಾತ್ರ ಯಾಕೆ ಕಾಳು ಬಿಡಿಸು ಅಂತ ಒಳಗೆ ಕಳಿಸಿದ್ರಿ?' ಎಂದು ಕೇಳಿದಳು. ಅವಳ ಅಣ್ಣ ಟೆರಿಲ್‌ಗೆ ಹನ್ನೆರಡು ತುಂಬಿದ ದಿನ ನೀನು ಅಂಗಳದಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆ ಪಾಠ ಮಾಡಿದೆ. ಪೊಲೀಸ್ ನಿಲ್ಲಿಸಿದರೆ ಕೈ ಸ್ಟೀರಿಂಗ್ ಮೇಲಿರಲಿ, ಕೇಳದೆ ಜೇಬು ಮುಟ್ಟಬೇಡ, ಅಂಗಡಿಯಲ್ಲಿ ಕೊಳ್ಳದ್ದನ್ನು ಹಿಡಿಯಬೇಡ. ನಿನ್ನಪ್ಪ ನಿನಗೆ ಮಾಡಿದ್ದೂ ಅದೇ. ನಮ್ಮ ಮನೆಯಲ್ಲಿ ಅದು ಗಂಡುಮಕ್ಕಳ ಪಾಠ. ಹುಡುಗಿಯರಿಗೆ ಕಾಯಿಸಿದ ಬಾಚಣಿಗೆಯಲ್ಲಿ ಗುಂಗುರು ಕೂದಲು ನೇರ ಮಾಡಿ, ಇಸ್ತ್ರಿಯ ಬಟ್ಟೆ ಹಾಕಿ ಕಳಿಸಿದರೆ ಯಾರೂ ತಂಟೆಗೆ ಬರುವುದಿಲ್ಲ ಎಂದು ನಂಬಿ ಕೂತಿದ್ದೆವು, ದಡ್ಡರು. ಚಳಿಗಾಲದಲ್ಲೇ ನಿನಗೆ ಅಂದೆ, ಇವಳಿಗೂ ಹೇಳಪ್ಪಾ ಅಂತ. 'ಇನ್ನೊಂದು ಬೇಸಿಗೆ ನಗ್ತಾ ಇರ್ಲಿ ಬಿಡಮ್ಮಾ' ಅಂದೆ ನೀನು. ನಾನೂ ಹೂಂ ಅಂದುಬಿಟ್ಟೆ. ಸಿಟ್ಟು ಬರುತ್ತಿದೆ ಲೆಮಾಂಟ್, ನಿನ್ನ ಮೇಲೂ ನನ್ನ ಮೇಲೂ. ಆ ಇಬ್ಬರು ಹುಡುಗಿಯರ ಮನೆಯಲ್ಲಿ ಯಾರೂ ಯಾವ ಪಾಠವನ್ನೂ ಮಾಡಬೇಕಾಗಿಲ್ಲವಲ್ಲ, ಅದಕ್ಕೆ ಇನ್ನೂ ಹೆಚ್ಚು.

ನಿನ್ನೆ ಸಂಜೆ ಅವಳನ್ನು ಕೂರಿಸಿಕೊಂಡು ನಾನೇ ಎಲ್ಲ ಹೇಳಿದೆ. ಅರ್ಧ ತಪ್ಪಾಗಿಯೇ ಹೇಳಿರಬೇಕು.

ಟೆರಿಲ್ ನಿನ್ನನ್ನು ಕೇಳಿದ್ದಾಗಿ ಬರೆಯಲು ಹೇಳಿದ್ದಾನೆ. ದೇವರು ನಿನ್ನನ್ನೂ ಆ ನದಿಯ ಮೇಲಿರುವ ಎಲ್ಲರನ್ನೂ ಕಾಯಲಿ.

ನಿನ್ನ ಅಮ್ಮ,
ವರ್ನೆಟ್

ಮರೆತೆ: ಪಾಠದ ಕೊನೆಗೆ ನಮ್ಮವರೆಲ್ಲ ಹೇಳುವುದನ್ನೇ ನಾನೂ ಹೇಳಿದೆ, ಮೊದಲು ಜೀವಂತ ಮನೆಗೆ ಬಾ, ನ್ಯಾಯ ಆಮೇಲೆ ಕೇಳೋಣ ಅಂತ. 'ಬಂದಿದೀನಲ್ಲಾ ಅಜ್ಜಿ, ಯಾವಾಗ ಕೇಳ್ತೀರಿ?' ಅಂದಳು. ಹದಿನೇಳರಲ್ಲಿ ನೀನೂ ಪೊಲೀಸರ ಕೈಯಲ್ಲಿ ಪೆಟ್ಟು ತಿಂದು ಮನೆಗೆ ಬಂದಿದ್ದೆ. ನಾನು ಊಟ ಬಿಸಿ ಮಾಡಿ ಬಡಿಸಿ, ಮಲಗು ಅಂದೆ. ಮಾರನೆಯ ದಿನ ಆ ಮಾತೇ ಎತ್ತಲಿಲ್ಲ, ನೀನೂ ಕೇಳಲಿಲ್ಲ. ಈ ಲಕೋಟೆಯೊಳಗೆ ಆ ಪೊಲೀಸರ ಮೇಲಿನ ದೂರಿನ ಅರ್ಜಿ ಇಟ್ಟಿದ್ದೇನೆ, ಅವಳೇ ತುಂಬಿದ್ದಾಳೆ. ತಾಯಿಯಿಲ್ಲದ ಮಗು, ಸಹಿ ನೀನೇ ಹಾಕಬೇಕು. ಹಾಕಿ ಕಳಿಸು.