ಮುಚ್ಚಿದ ದೊಡ್ಡಿ, ಸುತ್ತು ದಾರಿ

ಲಿಲಿ ಕ್ರೀಕ್ ದನಗಳ ಕಾವಲು, ಕಿಂಬರ್ಲಿ
ಆಗಸ್ಟ್ ೧೭

ಪ್ರೀತಿಯ ತಮ್ಮ ಡೆಂಜಿಲ್,

ಪರ್ತ್ ನಗರದ ಚಳಿ ನಿನ್ನ ಮೂಳೆಗಳನ್ನು ಬಿಟ್ಟಿತೆ? ವಾರಕ್ಕೆ ಮೂರು ಸಲ ಆಸ್ಪತ್ರೆಗೆ, ಡಯಾಲಿಸಿಸ್ ಯಂತ್ರದ ರಕ್ತ ಶುದ್ಧಿಗೆ, ತಪ್ಪದೆ ಹೋಗುತ್ತಿರುವೆಯಷ್ಟೆ? ಉಪ್ಪು ಹಾಕಿದ ಮಾಂಸವನ್ನು ಮುಟ್ಟಬೇಡ. ನಿನ್ನ ಕಳೆದ ಪತ್ರದಲ್ಲಿ ದಿನಾಂಕವೇ ಇರಲಿಲ್ಲ. ಅರವತ್ತು ತುಂಬಿದವನಿಗೆ ಇದನ್ನೂ ಹೇಳಿಕೊಡಬೇಕೆ?

ಇನ್ನು ಸುದ್ದಿ. ನೀನಿಲ್ಲದೆ ಮೊದಲ ಬಾರಿಗೆ ದನಗಳನ್ನು ಒಟ್ಟುಗೂಡಿಸಿದೆವು, ಗೆದ್ದೆವು. ನಾನೂರ ಹನ್ನೆರಡು ಹೋರಿಗಳು ಲಾರಿ ಹತ್ತಿದವು, ಒಂದೂ ಕುಂಟಲಿಲ್ಲ. ಮುನ್ನೂರು ಸಾಕೆಂದು ಬಂದಿದ್ದ ವ್ಯಾಪಾರಿ ಬೇಲಿಗೆ ಮೊಣಕೈಯೂರಿ ಅರ್ಧ ಗಂಟೆ ನೋಡಿ, ಎಲ್ಲವನ್ನೂ ಕೊಂಡ. ಮುಂದಾಳುತನ ನಿನ್ನ ಮಗಳು ರೊಸೆಲಳದು.

ಲಾರಿಗಳು ಬರಲು ಎಂಟು ದಿನಗಳಿದ್ದಾಗ ಮಾತ್ರ ನಾನು ಕೈಚೆಲ್ಲಿದ್ದೆ. ನಮ್ಮ ಅಣ್ಣ (ತೀರಿಕೊಂಡವರ ಹೆಸರನ್ನು ನಮ್ಮವರು ಬರೆಯುವಂತಿಲ್ಲವಷ್ಟೆ) ಅಲ್ಲೇ ಕಣ್ಮುಚ್ಚಿದ ದಿನದಿಂದ ಪೂರ್ವದ ದೊಡ್ಡಿ ಮುಚ್ಚಿದೆ. ನಮ್ಮ ಬುಡಕಟ್ಟಿನ ಪದ್ಧತಿಯಂತೆ ಹಸಿ ಎಲೆಯ ಹೊಗೆ ಹಾಕಿ, ಶುದ್ಧಿ ಮಾಡಿ ತೆರೆಯುವವರೆಗೆ ಯಾರೂ ಅತ್ತ ಸುಳಿಯುವಂತಿಲ್ಲ. ದನಗಳನ್ನು ಲಾರಿಗೆ ಹತ್ತಿಸುವ ವ್ಯವಸ್ಥೆ ಇದ್ದದ್ದೋ ಅಲ್ಲೊಂದೇ ಕಡೆ. ಲಾರಿಯವನು ಫೋನಿನಲ್ಲಿ ನಕ್ಕ: "ಒಂದೇ ದಿನ ತಾನೇ, ಯಾರಮ್ಮಾ ನೋಡ್ತಾರೆ?" ರೊಸೆಲ್, "ನೋಡೋರು ಅಲ್ಲೇ ಇದಾರೆ ಕಣಪ್ಪಾ," ಎಂದು ಫೋನಿಟ್ಟಳು. ನಾಚಿಕೆಯಿಂದ ಬರೆಯುತ್ತಿದ್ದೇನೆ: ನಾನೂ ಅವನ ಪಕ್ಷವನ್ನೇ ವಹಿಸಿದೆ. ಈ ಬಾರಿ ಮಾರದಿದ್ದರೆ ನಮ್ಮ ಕಾವಲು ಮತ್ತೆ ಹೊರಗಿನ ಮ್ಯಾನೇಜರನ ಕೈಸೇರುವುದೆಂಬ ಭಯ. ಅವಳು ನನ್ನನ್ನೇ ದಿಟ್ಟಿಸಿದಳು. "ಅತ್ತೆ, ಇದನ್ನೆಲ್ಲಾ ನಮ್ಗೆ ಕಲ್ಸಿದ್ದೇ ನೀವು. ಈಗ ನೀವೇ ಗೇಟು ತೆಗೀರಿ ಅಂತೀರಾ?" ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ಎದ್ದು ಸ್ಪ್ಯಾನರ್ ಹುಡುಕಲು ಹೋದೆ.

ಮರುದಿನವೇ ಪಶ್ಚಿಮದ ಕೊಳವೆಬಾವಿಯ ಬಳಿಗೆ ಕಬ್ಬಿಣದ ಬೇಲಿತುಂಡುಗಳನ್ನು ಹೊತ್ತು ಮನೆಮಂದಿಯೆಲ್ಲ ಮೂರು ದಿನಗಳಲ್ಲಿ ಹೊಸ ದೊಡ್ಡಿಯನ್ನೂ ಲಾರಿಗೆ ಹತ್ತಿಸುವ ಏರುದಾರಿಯನ್ನೂ ಕಟ್ಟಿದೆವು. ನಾನು ಬೋಲ್ಟು ಬಿಗಿದೆ. ರೊಸೆಲ್ ಹೆಲಿಕಾಪ್ಟರ್ ಬೇಡವೆಂದಳು; ನಿನ್ನಂತೆಯೇ ಕುದುರೆಯೇರಿ, ಹೊಳೆಯ ಗುಂಟ ಮೇಯಿಸುತ್ತ, ನಾಲ್ಕು ದಿನ ನಡೆಸಿದಳು. ಹೋರಿಗಳು ಮೈತುಂಬಿಕೊಂಡೇ ಬಂದವು. ಅದೇ ಲಾರಿಯವನು ಟೋಪಿ ತೆಗೆದು, "ಇಷ್ಟು ಸಾಧು ದನ ಎಲ್ಲಿಂದ ತಂದ್ರಮ್ಮಾ?" ಎಂದ. "ಸುತ್ತು ದಾರೀಲಿ," ಎಂದಳು ನಿನ್ನ ಮಗಳು.

ಹಿರಿಯರ ನೆರಳು ಅಷ್ಟು ದೂರದಲ್ಲೂ ನಿನ್ನ ಮೇಲಿರಲಿ.

ನಿನ್ನ ಅಕ್ಕ,
ನೊರೀನ್

ತಾ.ಕ.: ಮುಖ್ಯ ಮಾತೇ ಉಳಿಯಿತು. ಆ ದೊಡ್ಡಿಗೆ ಹೊಗೆ ಹಾಕುವ ಕಾಲ ಬಂದಿತೆಂದು ಹಿರಿಯರು ಹೇಳಿದ್ದಾರೆ. ಅದು ತಮ್ಮನಾದ ನಿನ್ನ ಕೈಯಿಂದಲೇ ಆಗಬೇಕಂತೆ. ಸೆಪ್ಟೆಂಬರಿನಲ್ಲಿ ಎರಡು ವಾರ ಇಲ್ಲಿನ ಪಟ್ಟಣದಲ್ಲೇ ನಿನಗೆ ರಕ್ತ ಶುದ್ಧಿಯ ಯಂತ್ರ ದೊರೆಯುವಂತೆ ರೊಸೆಲ್ ಗೊತ್ತುಮಾಡಿದ್ದಾಳೆ. ಬಾ. ವೈದ್ಯರು ಬಿಡದಿದ್ದರೆ ಕೊರಗಬೇಡ. ನೀನು ಬರುವವರೆಗೆ ಆ ಗೇಟು ಮುಚ್ಚಿಯೇ ಇರುತ್ತದೆ. ಹಾಗಿದ್ದೂ ಕಾವಲನ್ನು ನಡೆಸಬಲ್ಲೆವೆಂಬುದು ಈಗ ನಮಗೆ ಗೊತ್ತು.